ಮರುಭೂಮಿಯಲ್ಲಿ ನಮ್ಮವರ ಲೇಔಟ್

ನನ್ನ ಸೋದರತ್ತೆಗೆ ನ್ಯೂಜೆರ್ಸಿಯಲ್ಲಿ ಒಂದು ಸ್ವಂತ ಮನೆ ಬೇಕಾಗಿತ್ತು. ಇದು ಗುಟ್ಟಿನ ವಿಷಯವಾಗಿರಲಿಲ್ಲ. ಓಲ್ಡ್ ಬ್ರಿಡ್ಜ್‌ನಲ್ಲಿ ಅವರು ಬಾಡಿಗೆಗಿದ್ದ ಟೌನ್‌ಹೌಸಿನ ಗೋಡೆ ಎಷ್ಟು ತೆಳುವಾಗಿತ್ತೆಂದರೆ, ಅತ್ತೆ ಮೆಣಸಿನಕಾಯಿ ಒಗ್ಗರಣೆ ಹಾಕಿದರೆ ಪಕ್ಕದ ಮನೆಯವರು ಸೀನುತ್ತಿದ್ದರು. ಅತ್ತೆ ಸೌಟು ಹಿಡಿದುಕೊಂಡೇ ಗೋಡೆಯ ಕಡೆ ತಿರುಗಿ 'ಬ್ಲೆಸ್ ಯು' ಎನ್ನುತ್ತಿದ್ದರು. ಆ ಕಡೆಯಿಂದ 'ಥ್ಯಾಂಕ್ ಯು' ಎಂದು ಉತ್ತರವೂ ಬರುತ್ತಿತ್ತು.

ನಾನಿರುವುದು ಸಮರ್‌ಸೆಟ್‌ನಲ್ಲಿ. ಅಲ್ಲಿನ ಒಂದು ಆಫೀಸ್ ಪಾರ್ಕಿನಲ್ಲಿ ಬೇರೆಯವರು ಬರೆದ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವ ಕೆಲಸ. ಶುಕ್ರವಾರ ಸಂಜೆ ಒಗೆಯುವ ಬಟ್ಟೆಯ ಚೀಲ ಹೊತ್ತು ಅತ್ತೆಯ ಮನೆಗೆ ಹೋಗುತ್ತೇನೆ, ಭಾನುವಾರ ಹುಳಿಪುಡಿಯ ಡಬ್ಬಿ ಹಿಡಿದು ವಾಪಸಾಗುತ್ತೇನೆ. ಇದಕ್ಕೆ ಪ್ರತಿಯಾಗಿ ನಾನು ಕೊಡುವುದು ಒಂದೇ ಸೇವೆ, ಅಣಕು. ಜನ ಹೇಗೆ ಮಾತಾಡುತ್ತಾರೋ ಹಾಗೇ ಮಾತಾಡುವುದು ನನಗೆ ಬಂದಿರುವ ಏಕೈಕ ವಿದ್ಯೆ. ಕನ್ನಡ ಸಂಘದ ಯುಗಾದಿ ಕಾರ್ಯಕ್ರಮದಲ್ಲಿ ಮಕ್ಕಳ ನೃತ್ಯಕ್ಕೂ ಊಟಕ್ಕೂ ನಡುವೆ, ಯಾರೂ ಸ್ಟೇಜ್ ಕಡೆ ನೋಡದ ಹೊತ್ತಿನಲ್ಲಿ, ನನಗೊಂದಿಷ್ಟು ಸಮಯ ಕೊಡುತ್ತಾರೆ. ಮಾವ ಮ್ಯಾನ್‌ಹಟನ್ನಿಗೆ ಬಸ್ಸಿನಲ್ಲಿ ಕಮ್ಯೂಟ್ ಮಾಡುವಾಗ ಬಾಯಿ ತೆರೆದು ನಿದ್ದೆ ಹೋಗಿ, ಸುರಂಗ ಬಂದ ಕೂಡಲೇ ಏನೂ ಆಗದವರಂತೆ ಟೈ ಸರಿಮಾಡಿಕೊಳ್ಳುವುದು ನನ್ನ ಜನಪ್ರಿಯ ಐಟಂ. ಮನೆ ತೋರಿಸುವ ರಿಯಲ್ಟರ್ ಹೆಂಗಸು ಕತ್ತಲೆ ಬೇಸ್‌ಮೆಂಟನ್ನೂ ಬೆಚ್ಚನೆಯ ಗೂಡೆಂಬಂತೆ 'ಕೋಜಿ' ಎನ್ನುವುದು ಎರಡನೆಯದು.

ಆ ಐಟಂಗೆ ಸಾಮಗ್ರಿ ಬೇಕಾದಷ್ಟಿತ್ತು. ಅತ್ತೆ ಮಾವ ಪ್ರತಿ ವಾರಾಂತ್ಯ ಮಾರಾಟಕ್ಕಿಟ್ಟ ಮನೆಗಳ ಓಪನ್ ಹೌಸ್ ನೋಡಲು ಹೋಗುವುದು, ಆಫರ್ ಹಾಕುವುದು, ಇನ್ಯಾರೋ ಹೆಚ್ಚಿಗೆ ಕೂಗಿ ಎತ್ತಿಕೊಂಡು ಹೋಗುವುದು. ಅತ್ತೆ ಮನಸ್ಸಿನಲ್ಲೇ ದೇವರ ಮನೆ ಎಲ್ಲಿ, ಮಿಕ್ಸಿ ಎಲ್ಲಿ ಎಂದು ಜೋಡಿಸಿಟ್ಟಿದ್ದ ಎಷ್ಟೋ ಅಡುಗೆಮನೆಗಳಲ್ಲಿ ಇವತ್ತು ಬೇರೆ ಯಾರೋ ಪಾಸ್ತಾ ಬೇಯಿಸುತ್ತಿದ್ದಾರೆ.

ಹೋದ ವರ್ಷ ಸ್ಪ್ರಿಂಗ್ ಬ್ರೇಕಿಗೆ ಮಾವ ಎಲ್ಲರನ್ನೂ ಯೂಟಾಕ್ಕೆ ಹೊರಡಿಸಿದರು. ಪ್ರವಾಸ ಮುಗಿಯುವವರೆಗೆ ಯಾರೂ ಮನೆಯ ಮಾತೆತ್ತಬಾರದು ಎಂದು ಷರತ್ತು ಹಾಕಿದವರು ಅತ್ತೆ. ಏರ್‌ಪೋರ್ಟ್ ತಲುಪುವ ಮೊದಲೇ ಅದನ್ನು ಮುರಿದವರೂ ಅವರೇ. ಓಲ್ಡ್ ಬ್ರಿಡ್ಜ್‌ನಲ್ಲೇ ಪೂರ್ವಕ್ಕೆ ಬಾಗಿಲಿದ್ದ ಒಂದು ಮನೆಗೆ ಹಿಂದಿನ ದಿನವಷ್ಟೇ ಆಫರ್ ಹಾಕಿದ್ದರು. ವಿಮಾನದಲ್ಲಿ ಫೋನ್ ಆಫ್ ಮಾಡಿ ಎಂದಾಗ ಅವರ ಮುಖ ನೋಡಬೇಕಿತ್ತು.

ನಾವು ಹೋದ ಜಾಗದ ಹೆಸರು ಬರೆಯುವುದಿಲ್ಲ. ಯಾಕೆಂದು ಮುಂದೆ ನಿಮಗೇ ತಿಳಿಯುತ್ತದೆ. ಅದು ದೊಡ್ಡ ಪಾರ್ಕೇನಲ್ಲ. ಟಿಕೆಟ್ ಇಲ್ಲ, ಗೇಟಿಲ್ಲ, ಕಾವಲಿಲ್ಲ. ಟಾರು ಮುಗಿದು ಮಣ್ಣುದಾರಿಯೂ ಮುಗಿದ ಕಡೆ, ಬಿಸಿಲಿಗೆ ಅಕ್ಷರವೆಲ್ಲ ಅಳಿಸಿಹೋದ ಒಂದು ಬೋರ್ಡು. ಅದರ ಹಿಂದೆ ಆ ಬಂಡೆಗಳು.

ಬಂಡೆ ಎಂದರೆ ನನಗೆ ಗೊತ್ತಿದ್ದದ್ದು ಕರಿಬಂಡೆ. ಇವು ಕೆಂಪು. ಕೆಂಪಿನಲ್ಲೂ ಜಾತಿಗಳು. ಹೊಸ ಹೆಂಚಿನದು, ಹಳೆ ಬೆಲ್ಲದ್ದು, ಕುಂಕುಮ ನೀರಿಗೆ ಬಿದ್ದಂಥದು. ಪದರದ ಮೇಲೆ ಪದರ, ಯಾರೋ ಪುಣ್ಯಾತ್ಮರು ಸೆಟ್‌ದೋಸೆ ಹುಯ್ದು ಹುಯ್ದು ಪೇರಿಸಿಟ್ಟು, ತಿನ್ನುವವರು ಬರಲಿಲ್ಲವೆಂದು ಹಾಗೇ ಬಿಟ್ಟು ಹೋದಂತೆ. ಒಂದು ಬಂಡೆ ಸಣ್ಣ ಕಾಲಿನ ಮೇಲೆ ದೊಡ್ಡ ಹೊಟ್ಟೆ ಹೊತ್ತು ನಿಂತಿತ್ತು. ನಾನು ಅದರ ಪಕ್ಕ ಹಾಗೇ ನಿಂತು ತೋರಿಸಿದೆ. ಎಲ್ಲರೂ ನಕ್ಕರು, ಮಾವ ಮಾತ್ರ ಶರ್ಟು ಕೆಳಗೆಳೆದುಕೊಂಡರು.

ಸ್ವಲ್ಪ ಮುಂದೆ, ಬಂಡೆಯೊಂದು ದೊಡ್ಡ ಕೊಡೆಯಂತೆ ಬಾಗಿ ನೆರಳು ಮಾಡಿದ್ದ ಜಾಗ ಸಿಕ್ಕಿತು. ಅಲ್ಲಿ ನಿಂತು ಅಭ್ಯಾಸಬಲದಿಂದ ರಿಯಲ್ಟರ್ ದನಿಯಲ್ಲಿ 'ಕೋಜಿ' ಎಂದೆ. ಬಂಡೆ ಅದೇ ದನಿಯಲ್ಲಿ, ಇನ್ನೂ ಸ್ವಲ್ಪ ಎಳೆದು, 'ಕೋಜಿ' ಎಂದಿತು. ಮಾವನ ಕೆಮ್ಮು ಕೆಮ್ಮಿದೆ, ಅದೂ ಕೆಮ್ಮಿತು. ನನ್ನ ಕಸುಬಿನವನು, ನನಗಿಂತ ಎಷ್ಟೋ ಸಾವಿರ ವರ್ಷ ಹಿರಿಯ, ಇಲ್ಲಿ ಒಬ್ಬನೇ ಕೂತಿದ್ದಾನೆ. ಅವನಿಗೆ ಯಾವ ಸಂಘದವರೂ ಸ್ಟೇಜ್ ಕೊಟ್ಟಿಲ್ಲ.

ಅದೇ ನೆರಳಿನ ಒಳಗೋಡೆಯಲ್ಲಿ ಕೈಗಳಿದ್ದವು. ಅಂಗೈಯನ್ನು ಬಂಡೆಗೆ ಆನಿಸಿ ಸುತ್ತ ಬಣ್ಣ ಊದಿದಂಥ ಕೈಗಳು, ದೊಡ್ಡವು, ಚಿಕ್ಕವು. ಕೆಳಗೆ ಕಲ್ಲು ಮಣ್ಣು ಸೇರಿಸಿ ಕಟ್ಟಿದ ಒಂದು ಮೋಟು ಗೋಡೆ. ಯಾವ ಕಾಲದಲ್ಲೋ ಅಲ್ಲಿ ಬಾಳಿದವರು ಮೆಕ್ಕೆಜೋಳ ತುಂಬಿಡುತ್ತಿದ್ದ ಗೂಡದು ಎಂದು ಆಮೇಲೆ ತಿಳಿಯಿತು. ಅತ್ತೆ ಕೈ ಹಿಂದೆ ಕಟ್ಟಿಕೊಂಡು, ಮುಟ್ಟದೆ, ಬಹಳ ಹೊತ್ತು ನೋಡಿದರು. ಹೊಸ ಮನೆಯ ಗೋಡೆಗೆ ಅರಿಸಿನದ ಕೈ ಒತ್ತಿದ ಹಾಗಿದೆ ಎಂದರು. ಆಮೇಲೆ, ಇವರಿಗಾದರೂ ಮನೆ ಸಿಕ್ಕಿತ್ತು ನೋಡು ಎಂದರು.

ತಪ್ಪು ನಡೆದದ್ದು ವಾಪಸು ಬರುವಾಗ. ಬರೀ ಬಂಡೆಯ ಮೇಲೆ ನಡೆಯುತ್ತಿದ್ದೆವು, ದಾರಿಯೆಂಬುದಿಲ್ಲ. ಅಲ್ಲಲ್ಲಿ ಕಲ್ಲಿನ ಮೇಲೆ ಕಲ್ಲಿಟ್ಟ ಪುಟ್ಟ ಗುಪ್ಪೆಗಳು ಕಂಡವು. ಅತ್ತೆ ನಿಂತೇಬಿಟ್ಟರು. ನಮ್ಮ ಕಡೆ ಬೆಟ್ಟದ ದೇವರಿಗೆ ಹೋದವರು ಮೆಟ್ಟಿಲ ಪಕ್ಕ ಹೀಗೇ ಕಲ್ಲು ಪೇರಿಸಿ ಬರುತ್ತಾರೆ, ಸ್ವಂತ ಮನೆಯಾಗಲಿ ಎಂದು. ಕಲ್ಲಿನ ಮನೆ ನಿಂತರೆ ಇಟ್ಟಿಗೆಯ ಮನೆ ಆಗುತ್ತದೆಂಬ ನಂಬಿಕೆ. ಯೂಟಾದ ಮರುಭೂಮಿಯಲ್ಲಿ ಕಲ್ಲುಗುಪ್ಪೆ ಕಂಡ ನನ್ನ ಅತ್ತೆಗೆ ಬೇರೆ ಅರ್ಥ ಹೊಳೆಯುವ ಪ್ರಶ್ನೆಯೇ ಇರಲಿಲ್ಲ.

"ನೋಡ್ರೀ, ನಮ್ಮೋರು ಯಾರೋ ಬಂದು ಕಟ್ಟಿ ಹೋಗಿದಾರೆ," ಎಂದರು. "ಇಲ್ಲೂ ನಡಿಯತ್ತೆ ಅಂತಾಯ್ತು."

ತಿದ್ದಬಹುದಾಗಿದ್ದವಳು ಅವರ ಮಗಳೊಬ್ಬಳೇ. ಹೈಸ್ಕೂಲಿನಲ್ಲಿ ಓದುವ, ಕನ್ನಡದ ಪ್ರಶ್ನೆಗೆಲ್ಲ ಇಂಗ್ಲಿಷಿನಲ್ಲಿ ಉತ್ತರಿಸುವ ಹುಡುಗಿ. ಅವಳು ಸಿಗ್ನಲ್ ಇಲ್ಲದ ಫೋನು ಹಿಡಿದು ಆಗಲೇ ವ್ಯಾನು ಸೇರಿದ್ದಳು. ಅತ್ತೆ ಸುತ್ತಮುತ್ತಲ ಮಣ್ಣಿನಿಂದ ಚಪ್ಪಟೆ ಕಲ್ಲುಗಳನ್ನು ಕಿತ್ತು ತಂದರು. ಭಕ್ತಿಯಿಂದ ಒಂದು ಅಂತಸ್ತು ಕಟ್ಟಿದರು. ಬಾಗಿಲು ಪೂರ್ವಕ್ಕೇ ಇದೆಯೇ ಎಂದು ಮಾವನ ಫೋನಿನ ದಿಕ್ಸೂಚಿಯಲ್ಲಿ ನೋಡಿಕೊಂಡರು. ನಾನು ಅವರದಕ್ಕಿಂತ ದೊಡ್ಡದಾಗಿ, ಎರಡು ಕಾರಿನ ಗ್ಯಾರೇಜ್ ಸಮೇತ ಕಟ್ಟಿದೆ. ಬಾಡಿಗೆಯನ್ನೇ ರೂಮ್‌ಮೇಟುಗಳ ಜೊತೆ ಹಂಚಿಕೊಳ್ಳುವವನಿಗೆ ಗ್ಯಾರೇಜು.

ಮಾರನೆಯ ದಿನ ಒಂದು ಗ್ಯಾಸ್ ಸ್ಟೇಷನ್ನಿನಲ್ಲಿ ಸಿಗ್ನಲ್ ಬಂತು, ಜೊತೆಗೆ ರಿಯಲ್ಟರ್ ಮೆಸೇಜೂ ಬಂತು. ಆಫರ್ ಒಪ್ಪಿದ್ದಾರೆ. ಅತ್ತೆ ಪೆಟ್ರೋಲ್ ಪಂಪಿನ ಪಕ್ಕ ನಿಂತು ಅತ್ತರು, ನಕ್ಕರು, ಚಪ್ಪಲಿ ಬಿಟ್ಟು ಬಂಡೆಗಳಿದ್ದ ದಿಕ್ಕಿಗೆ ಕೈಮುಗಿದರು. ಲಾರಿಯವನೊಬ್ಬ ತನಗೇ ನಮಸ್ಕಾರವೆಂದುಕೊಂಡು ಟೋಪಿ ಎತ್ತಿದ.

ಸುದ್ದಿ ನಮಗಿಂತ ಮೊದಲೇ ನ್ಯೂಜೆರ್ಸಿ ಮುಟ್ಟಿತು. ಅತ್ತೆ ಮುಚ್ಚಿಡುವವರಲ್ಲ. ತಮಗೆ ಒಳ್ಳೆಯದಾದರೆ ಅದರ ಅಡ್ರೆಸ್ಸನ್ನು ನಾಲ್ಕು ಜನಕ್ಕೆ ಹೇಳದಿದ್ದರೆ ಅವರಿಗೆ ಊಟ ಸೇರುವುದಿಲ್ಲ. ಈ ಮಾರ್ಕೆಟ್ಟಿನಲ್ಲಿ ಮನೆ ಕೊಡಿಸುವ ಕಲ್ಲು ಎಂದರೆ ಯಾರು ಬಿಟ್ಟಾರು? ಬೇಸಿಗೆ ರಜೆಯಲ್ಲಿ ಲಾಸ್ ವೇಗಸ್ಸಿಗೆಂದು ಹೊರಟವರೆಲ್ಲ ಒಂದು ದಿನ ಹೆಚ್ಚಿಗೆ ಇಟ್ಟುಕೊಂಡರು. ವಾಟ್ಸಾಪ್ ಗುಂಪಿಗೆ ಫೋಟೋಗಳು ಬರತೊಡಗಿದವು. ಮೊದಲು ಎರಡು ಮೂರು ಗುಪ್ಪೆ, ಆಮೇಲೆ ಸಾಲು, ಆಮೇಲೆ ಅಡ್ಡರಸ್ತೆ. ನಾನು ಅದಕ್ಕೆ ಲೇಔಟ್ ಎಂದು ಹೆಸರಿಟ್ಟು, ಫಸ್ಟ್ ಫೇಸು, ಸೆಕೆಂಡ್ ಫೇಸು, ಕಾರ್ನರ್ ಸೈಟು ಎಂದು ಬ್ರೋಕರ್ ದನಿಯಲ್ಲಿ ರೆಕಾರ್ಡ್ ಮಾಡಿ ಹಾಕಿದೆ. ನನ್ನ ಜೀವಮಾನದಲ್ಲೇ ಅಷ್ಟು ನಗುವ ಗುರುತುಗಳು ಬಂದಿರಲಿಲ್ಲ.

ಶಾಲೆ ಶುರುವಾಗುವ ಮೊದಲು ಗೃಹಪ್ರವೇಶವಾಯಿತು. ಹೋಮದ ಹೊಗೆಗೆ ಅಲಾರ್ಮ್ ಕೂಗದಿರಲೆಂದು ಸ್ಮೋಕ್ ಡಿಟೆಕ್ಟರುಗಳಿಗೆಲ್ಲ ಶವರ್ ಕ್ಯಾಪ್ ತೊಡಿಸಿದ್ದರು. ಛಾವಣಿಯಿಂದ ಸ್ನಾನಕ್ಕೆ ಹೊರಟ ಅಜ್ಜಿಯರು ಇಣುಕುತ್ತಿದ್ದ ಹಾಗಿತ್ತು. ಎಲೆಕ್ಟ್ರಿಕ್ ಒಲೆಯ ಮೇಲೆ ಹಾಲು ತನಗೆ ತೋಚಿದಾಗ ಉಕ್ಕಿತು. ಊಟದ ಹೊತ್ತಿಗೆ ಫೋರ್ಟ್ ಲೀ ಅಂಕಲ್ ತಮ್ಮ ಯೂಟಾ ಕಥೆ ಶುರುಮಾಡಿದರು.

ಈ ಅಂಕಲ್ ಫೋರ್ಟ್ ಲೀ ಎಂಬ ಊರಿನಲ್ಲಿ, ಮ್ಯಾನ್‌ಹಟನ್ನಿಗೆ ಹೋಗುವ ಸೇತುವೆಯ ಪಕ್ಕದ ಎತ್ತರದ ಕಟ್ಟಡದ ಅಪಾರ್ಟ್‌ಮೆಂಟಿನಲ್ಲಿದ್ದು, ಹಿತ್ತಿಲಿರುವ ಮನೆಗಾಗಿ ಅತ್ತೆಯಷ್ಟೇ ಕಾಲದಿಂದ ಹುಡುಕುತ್ತಿದ್ದವರು. ಆಂಟಿಯನ್ನೂ ಆಂಟಿಯ ವಯಸ್ಸಾದ ತಾಯಿಯನ್ನೂ ಕರೆದುಕೊಂಡು ಹೋಗಿ ಮೂರು ಅಂತಸ್ತು ಕಟ್ಟಿಸಿ ಬಂದಿದ್ದರು. ವಾಪಸು ಬರುವಾಗ ದಾರಿ ತಪ್ಪಿತಂತೆ. ಕಲ್ಲುಗುಪ್ಪೆ ನೋಡಿಕೊಂಡು ನಡೆದರೆ ಇನ್ನೊಂದು ಕಲ್ಲುಗುಪ್ಪೆ, ಅಲ್ಲಿಂದ ಮತ್ತೊಂದು, ಸುತ್ತಿ ಸುತ್ತಿ ಅದೇ ಜಾಗಕ್ಕೆ. ನೀರು ಮುಗಿದು, ಅಜ್ಜಿ ನೆರಳಿಲ್ಲದ ಬಂಡೆಯ ಮೇಲೆ ಕೂತುಬಿಟ್ಟರಂತೆ. ಆ ದಾರಿಯಲ್ಲೇ ನಡೆದುಬಂದ ಯಾರೋ ಇಬ್ಬರು ನೀರು ಕೊಟ್ಟು ಕಾರಿನ ತನಕ ಬಿಟ್ಟರಂತೆ. ಅಂಕಲ್ ಇದನ್ನೆಲ್ಲ ನಗುನಗುತ್ತಲೇ ಹೇಳಿದರು. ನಾನು ಪಕ್ಕದಲ್ಲಿ ನಿಂತು ಅಜ್ಜಿಯ ದನಿ ಒದಗಿಸುತ್ತಿದ್ದೆ.

ಕೊನೆಗೆ ಅಂಕಲ್, "ಅವ್ರು ಹೇಳಿದ್ರು, ಆ ಗುಪ್ಪೆಗಳೇ ದಾರಿ ತೋರ್ಸೋ ಟ್ರೇಲ್ ಮಾರ್ಕ್ ಅಂತೆ ಕಣ್ರೀ. ಬಂಡೆ ಮೇಲೆ ಬೇರೆ ಗುರುತು ಮಾಡೋ ಹಾಗಿಲ್ವಲ್ಲ, ಅದಕ್ಕೆ. ಈ ವರ್ಷ ಯಾರೋ ಹುಚ್ಚುಚ್ಚಾಗಿ ಎಲ್ಲಾ ಕಡೆ ಕಟ್ಟಿ ಹಾಳು ಮಾಡಿದಾರೆ ಅಂತ ಬೈಕೊಂಡ್ರು. ನಾನೂ ಹೂಂ, ಎಂಥಾ ಜನ ಅಂದೆ," ಎಂದರು.

ಎಲ್ಲರೂ ನಕ್ಕರು. ಅತ್ತೆ ನಗಲಿಲ್ಲ. ಅವರು ಪಾಯಸದ ಸೌಟು ಹಿಡಿದು ನಿಂತಿದ್ದರು, ಎದುರಿಗೆ ತಟ್ಟೆ ಚಾಚಿದವರು ಚಾಚಿಕೊಂಡೇ ಇದ್ದರು. ಅಂಕಲ್ ಕೈಯಿಂದ ಫೋನು ಇಸಿದುಕೊಂಡು, ಅವರು ಅಲ್ಲಿ ತೆಗೆದಿದ್ದ ಫೋಟೋವನ್ನು ಅತ್ತೆ ದೊಡ್ಡದು ಮಾಡಿ ನೋಡಿದರು. ಅವರಿಗೆ ಮೊದಲು ಕಂಡದ್ದು ತಾವು ಕಟ್ಟಿದ್ದ ಮನೆ, ಇನ್ನೂ ಬಿದ್ದಿರಲಿಲ್ಲ. ಅದರ ಸುತ್ತ ಒಂದು ಊರೇ ಎದ್ದಿತ್ತು. ಲೇಔಟಿನ ಕೊನೆಯ ಸಾಲು ಆ ಕೈಗಳಿದ್ದ ನೆರಳಿನ ಬಾಯಿಗೆ ಬಂದು ಮುಟ್ಟಿತ್ತು. ಇನ್ನೊಂದು ಮನೆ ಕಟ್ಟಬೇಕೆಂದರೆ ಕೈಗೆಟಕುವ ಕಲ್ಲು ಆ ಮೋಟು ಗೋಡೆಯದೇ.

ಊಟ ಮುಗಿದು, ಉಳಿದ ಪುಳಿಯೋಗರೆಯನ್ನು ಡಬ್ಬಿಗೆ ತುಂಬುತ್ತ ಅತ್ತೆ ಹೇಳಿದರು: "ನಾನು ಹೋಗಿ ಕೆಡವಿ ಬರ್ತೀನಿ."

ಮಾವ ಗಾಬರಿಯಾದರು. ಹರಕೆಗೆ ಕಟ್ಟಿದ್ದನ್ನು ಕಟ್ಟಿದವರೇ ಕೆಡವುವುದು ಎಲ್ಲಾದರೂ ಉಂಟೆ? "ಇವತ್ತು ಹಾಲು ಉಕ್ಸಿದೀವಿ, ಇವತ್ತೇ ಮನೆ ಕೆಡವೋ ಮಾತೇನೇ?"

"ನಮ್ಮನೆ ಆ ಕಲ್ಲಿನ ಮೇಲೆ ನಿಂತಿದ್ರೆ ಮನೆ ತಗೊಳ್ವಾಗ ಮಾಡ್ಸಿದ ಇನ್‌ಸ್ಪೆಕ್ಷನ್ ರಿಪೋರ್ಟಲ್ಲಿ ಬರೀಬೇಕಿತ್ತಲ್ವೇನ್ರೀ?" ಎಂದರು ಅತ್ತೆ. ದನಿಯೇನೋ ಗಟ್ಟಿಯಿತ್ತು. ಆದರೆ ಅದನ್ನು ಹೇಳುವಾಗ ಅವರ ಎಡಗೈ ಹೊಸ ಬಾಗಿಲ ಚೌಕಟ್ಟನ್ನು ಹಿಡಿದಿತ್ತು. ಅದನ್ನು ನಾನು ಆಮೇಲೆ ಯಾವ ಕಾರ್ಯಕ್ರಮದಲ್ಲೂ ಮಾಡಿ ತೋರಿಸಿಲ್ಲ.

ಫೋನ್ ಮಾಡಿದವಳು ಮಗಳು. ಆ ಬಂಡೆಗಳನ್ನು ತಮ್ಮಿಷ್ಟಕ್ಕೆ ತಾವೇ ನೋಡಿಕೊಳ್ಳುವ ಕೆಲವು ಊರವರನ್ನು ಹುಡುಕಿ, ನಡೆದದ್ದನ್ನು ಒಂದೇ ಉಸಿರಿಗೆ ಇಂಗ್ಲಿಷಿನಲ್ಲಿ ಹೇಳಿದಳು. ನಿಮ್ಮಷ್ಟಕ್ಕೆ ನೀವೇ ಕೆಡವಬೇಡಿ, ನಿಜವಾದ ದಾರಿಗುರುತು ಯಾವುದೆಂದು ನಾವು ಬಂದು ತೋರಿಸುತ್ತೇವೆ ಎಂದರಂತೆ ಅವರು. ಅಕ್ಟೋಬರಿನ ಲಾಂಗ್ ವೀಕೆಂಡಿಗೆ ಮತ್ತೆ ಹೊರಟೆವು. ಮಾವ ದಾರಿಯುದ್ದಕ್ಕೂ, ಮನೆ ಕೊಂಡ ಮೇಲೆ ಜನ ಕರ್ಟನ್ ಕೊಳ್ಳುತ್ತಾರೆ, ನಾವು ವಿಮಾನದ ಟಿಕೆಟ್ ಕೊಂಡೆವು ಎಂದು ಗೊಣಗಿದರು.

ಅಲ್ಲಿ ನಮಗಾಗಿ ಕಾದಿದ್ದವರು ಅಗಲ ಟೋಪಿಯ ಒಬ್ಬ ವಯಸ್ಸಾದ ಹೆಂಗಸು. ಬೈಯುತ್ತಾರೆಂದು ನಾನು ಅವರ ದನಿಯನ್ನು ಮೊದಲೇ ಅಭ್ಯಾಸ ಮಾಡಿಟ್ಟುಕೊಂಡಿದ್ದೆ. ಅವರು ಬೈಯಲಿಲ್ಲ. ಮನೆಗಾಗಿ ಕಲ್ಲು ಪೇರಿಸುವ ಕಥೆಯನ್ನು ಅತ್ತೆಯಿಂದ ಎರಡು ಸಲ ಹೇಳಿಸಿ ಕೇಳಿದರು. ನಾನೂ ಮೊದಲ ಮನೆಗೆ ಬಹಳ ಕಷ್ಟಪಟ್ಟೆ, ಆಗ ಇದು ಗೊತ್ತಿದ್ದರೆ ನಾನೂ ಕಟ್ಟುತ್ತಿದ್ದೆನೇನೋ ಎಂದರು. ಆಮೇಲೆ ಮೊಣಕಾಲೂರಿ, ಮಣ್ಣಿನ ಮೇಲೆ ಹಪ್ಪಳದಂತೆ ಗರಿಗರಿಯಾಗಿದ್ದ ಕಪ್ಪು ಪದರವೊಂದನ್ನು ತೋರಿಸಿದರು. ಅದು ಜೀವಂತ, ಪಾಚಿಯಂಥ ಸಣ್ಣ ಜೀವಿಗಳ ಹೊದಿಕೆ. ಗಾಳಿಗೆ ಮಣ್ಣು ಹಾರದಂತೆ, ಬಿದ್ದ ನಾಲ್ಕು ಹನಿ ಇಂಗುವಂತೆ ಹಿಡಿದಿಡುವುದು ಅದೇ. ಒಂದು ಹೆಜ್ಜೆಗೆ ಪುಡಿಯಾಗುತ್ತದೆ, ಮತ್ತೆ ಕೂಡಿಕೊಳ್ಳಲು ಒಬ್ಬ ಮನುಷ್ಯನ ಆಯಸ್ಸು ಹಿಡಿದರೂ ಹಿಡಿದೀತು. ನಾನು ನನ್ನ ಗ್ಯಾರೇಜಿಗೆ ಕಲ್ಲು ತರಲು ಓಡಾಡಿದ್ದ ಜಾಗ ನೋಡಿದೆ. ನನ್ನ ಶೂ ಗುರುತು ಬ್ರ್ಯಾಂಡ್ ಸಮೇತ ಹಾಗೇ ಇತ್ತು.

ಕಲ್ಲುಗಳನ್ನು ಸುಮ್ಮನೆ ಎಸೆಯುವ ಹಾಗಿರಲಿಲ್ಲ. ಪ್ರತಿ ಕಲ್ಲೂ ತಾನು ಬಿದ್ದುಕೊಂಡಿದ್ದ ಜಾಗದಲ್ಲಿ ತನ್ನದೇ ಆಕಾರದ ಒಂದು ಹಳ್ಳ ಬಿಟ್ಟು ಬಂದಿತ್ತು. ವಸಂತದಲ್ಲಿ ಕಿತ್ತದ್ದರ ಅಚ್ಚು ಕೂಡ ಇನ್ನೂ ಮುಚ್ಚಿರಲಿಲ್ಲ. ಹೆಂಗಸು ತೋರಿಸಿದ ಗಟ್ಟಿ ಬಂಡೆಯ ಮೇಲೇ ಕಾಲಿಟ್ಟು, ಒಂದೊಂದು ಕಲ್ಲನ್ನೂ ತಿರುಗಿಸಿ ತಿರುಗಿಸಿ, ಅದರ ಹಳ್ಳ ಹುಡುಕಿ ಕೂಡಿಸಬೇಕು. ಸರಿಯಾದ ಕಲ್ಲು ಸರಿಯಾದ ಹಳ್ಳಕ್ಕೆ ಕೂತಾಗ ಡಬ್ಬಿಗೆ ಮುಚ್ಚಳ ಕೂತ ಹಾಗೆ ಸಣ್ಣ ಶಬ್ದ. ಅತ್ತೆಗೆ ಅದು ಬೇಗ ಕೈಹತ್ತಿತು. ಸ್ಟೀಲ್ ಡಬ್ಬಿಗೆ ಮುಚ್ಚಳ ಹುಡುಕಿ ಹುಡುಕಿ ಪಳಗಿದ ಕೈ ಅಲ್ಲವೆ? ನಾನು ತಪ್ಪು ಹುಡುಕಲು ಸಂಬಳ ತೆಗೆದುಕೊಳ್ಳುವವನು, ಇಡೀ ಬೆಳಿಗ್ಗೆ ತಪ್ಪು ಹಳ್ಳಕ್ಕೇ ಕಲ್ಲು ತುರುಕುತ್ತಿದ್ದೆ.

ಮಧ್ಯಾಹ್ನದ ಹೊತ್ತಿಗೆ ಲೇಔಟ್ ಖಾಲಿಯಾಯಿತು. ಅತ್ತೆಯ ಮನೆ ಒಂದೇ ಉಳಿದಿತ್ತು. ನಾನೇ ತೆಗೆಯುತ್ತೇನೆಂದರು ಮಾವ, ದೋಷವಿದ್ದರೆ ತನಗಿರಲಿ ಎಂಬ ದನಿಯಲ್ಲಿ. ಅತ್ತೆ ಬೇಡವೆಂದರು. ಅದರ ಮುಂದೆ ಕೂತು, ಯಾರ ಹತ್ತಿರವೋ ತಿಳಿಯದ ಹಾಗೆ ಮೆಲ್ಲಗೆ ಮಾತಾಡಿದರು.

"ನೀನು ನನಗೆ ಮನೆ ಕೊಟ್ಟೆ. ನಾನು ನಿನ್ನ ಮನೆ ಕೆದಕಿದೆ. ಈಗ ಸರಿ ಮಾಡ್ಕೊಡ್ತೀನಿ, ಬೇಜಾರ್ ಮಾಡ್ಕೋಬೇಡಮ್ಮ."

ಮೇಲಿನ ಕಲ್ಲು ತೆಗೆದರು. ಏನೂ ಆಗಲಿಲ್ಲ. ನೆರಳಿನ ಬಂಡೆ ಮಾತ್ರ 'ಮ್ಮ' ಎಂದಿತು.

ಇಷ್ಟೆಲ್ಲ ನಗಾಡಿ ಬರೆದದ್ದಕ್ಕೆ ಒಂದು ಕಾರಣವಿದೆ. ಆ ಜಾಗವನ್ನು ಪರಂಪರೆಯ ತಾಣವೆಂದು ಕಾಯ್ದಿಡಬೇಕು ಎಂಬ ಮಾತು ಅಲ್ಲಿ ನಡೆದಿದೆಯಂತೆ. ಸಾಮಾನ್ಯರೂ ಅಭಿಪ್ರಾಯ ಬರೆದು ಕಳಿಸಬಹುದಂತೆ. ಬಂಡೆಗೇನು ಕಾವಲು, ಇಷ್ಟು ಕಾಲ ನಿಂತದ್ದು ಇನ್ನೂ ನಿಲ್ಲುತ್ತದೆ ಎಂದು ಮೊದಲು ನಾನೂ ಅಂದುಕೊಂಡಿದ್ದೆ. ಈಗ ಹಾಗನ್ನುವುದಿಲ್ಲ. ಆ ಜಾಗಕ್ಕೆ ಹೊಡೆತ ಬಿದ್ದದ್ದು ದುಷ್ಟರಿಂದಲ್ಲ. ಪುಳಿಯೋಗರೆ ಕಟ್ಟಿಕೊಂಡು, ಕೈಮುಗಿದುಕೊಂಡು ಹೋದ ನಮ್ಮಂಥ ಒಳ್ಳೆಯ ಜನರಿಂದ, ಒಂದೇ ಬೇಸಿಗೆಯಲ್ಲಿ. ಓದಲು ಬರುವ ಒಂದು ಬೋರ್ಡು, ಹೇಳುವವರು ಒಬ್ಬರು ಇದ್ದಿದ್ದರೆ ಅತ್ತೆ ಕಲ್ಲು ಮುಟ್ಟುತ್ತಿರಲಿಲ್ಲ, ಫೋರ್ಟ್ ಲೀ ಅಜ್ಜಿ ಬಿಸಿಲಿನಲ್ಲಿ ಕೂರುತ್ತಿರಲಿಲ್ಲ. ಆ ಕೈಗಳನ್ನು ಒತ್ತಿದವರ ವಂಶದವರು ಇಂದಿಗೂ ಆ ಸೀಮೆಯಲ್ಲಿದ್ದಾರೆ, ಇಂದಿಗೂ ಅದನ್ನು ತಮ್ಮ ಹಿರಿಯರ ಮನೆಯೆಂದೇ ಕರೆಯುತ್ತಾರೆ ಎಂದು ಟೋಪಿಯ ಹೆಂಗಸು ಹೇಳಿದರು. ಅತ್ತೆ ತಮ್ಮ ಅಭಿಪ್ರಾಯವನ್ನು ಕನ್ನಡದಲ್ಲಿ ಬರೆದರು, ನಾನು ಇಂಗ್ಲಿಷಿಗೆ ತಿರುಗಿಸಿದೆ. ಅದರಲ್ಲಿದ್ದದ್ದು ಇಷ್ಟೇ: ನಾನು ಅದನ್ನು ಖಾಲಿ ಸೈಟು ಅಂದುಕೊಂಡಿದ್ದೆ, ಅಲ್ಲಿ ಆಗಲೇ ಎಲ್ಲರೂ ಇದ್ದರು, ಕಲ್ಲಿಗೂ ಮನೆಯಿತ್ತು, ದಯವಿಟ್ಟು ಕಾಪಾಡಿ.

ಊರಿಗೆ ಮರಳಿ ಹೊಸ ಮನೆಯ ಬಾಗಿಲು ತೆಗೆದರೆ ಒಳಗಿನಿಂದ ಕೀಚ್ ಎಂದು ಶಬ್ದ. ಅತ್ತೆ ಮಾವನ ತೋಳು ಹಿಡಿದರು. ಮತ್ತೆ ಕೀಚ್. ಮಗಳು ತಲೆಯೆತ್ತಿ ನೋಡಿ, "ಮಾಮ್, ಇಟ್ಸ್ ದ ಬ್ಯಾಟರಿ," ಎಂದಳು. ಸ್ಮೋಕ್ ಡಿಟೆಕ್ಟರ್, ಇನ್ನೂ ಶವರ್ ಕ್ಯಾಪ್ ತೊಟ್ಟುಕೊಂಡೇ ಇತ್ತು. ಅತ್ತೆ ಆದರೂ ಒಂದು ಸುತ್ತು ಹಾಕಿ ಗೋಡೆಗಳನ್ನೆಲ್ಲ ಮುಟ್ಟಿ ನೋಡಿ ಬಂದರು. ಎಲ್ಲ ಇದ್ದವು.

ಮುನಿಸಿಕೊಂಡವರು ಫೋರ್ಟ್ ಲೀ ಅಂಕಲ್ ಮಾತ್ರ. ನಿಮಗೇನು, ಮನೆ ಸಿಕ್ಕಾಯಿತು, ನನ್ನ ಮೂರು ಅಂತಸ್ತು ಕೆಡವಿ ಬಂದಿರಿ ಎಂದು ಫೋನಿನಲ್ಲಿ ಗೋಳಾಡಿದರು. ನಾನು ಆ ಗೋಳನ್ನು ಅವರ ಎದುರಿಗೇ ಮಾಡಿ ತೋರಿಸಿದರೂ ನಗಲಿಲ್ಲ. ಅತ್ತೆ ಯೋಚಿಸಿ, ಗಾರ್ಡನ್ ಅಂಗಡಿಯಿಂದ ಚಪ್ಪಟೆ ಕಲ್ಲಿನ ಮೂಟೆಗಳನ್ನು ತರಿಸಿ ಡ್ರೈವ್‌ವೇ ಪಕ್ಕ ಸುರಿಸಿದರು. ಮನೆ ಬೇಕಾದವರು ಇಲ್ಲೇ ಬಂದು ಕಟ್ಟಿ, ನಮಗೆ ಮನೆ ಆದ ಜಾಗ ತಾನೆ, ಫಲ ಇಲ್ಲೇ ಹತ್ತಿರ ಎಂದರು. ಈಗ ಭಾನುವಾರಗಳಲ್ಲಿ ಓಪನ್ ಹೌಸ್ ಮುಗಿಸಿದ ಕುಟುಂಬಗಳು ಕಾಫಿಗೆಂದು ಬಂದು, ಕಲ್ಲು ಪೇರಿಸಿ ಹೋಗುತ್ತವೆ. ಅಂಕಲ್ ಈ ಸಲ ಹಿತ್ತಿಲೂ ಬಿಟ್ಟು ಕಟ್ಟಿದ್ದಾರೆ. ಹುಲ್ಲು ಕತ್ತರಿಸುವವರು ಬಂದು ಕಸಕ್ಕೆ ಗಾಳಿ ಊದುವ ಬ್ಲೋವರ್ ಹಾಕಿದರೆ ವಾರಕ್ಕೊಮ್ಮೆ ಇಡೀ ಬಡಾವಣೆ ನೆಲಸಮ.

ಅಪಶಕುನವಲ್ಲವೇ ಎಂದು ಆಂಟಿ ಕೇಳಿದರು. ಅತ್ತೆ ಬಗ್ಗಿ, ಬಿದ್ದ ಕಲ್ಲನ್ನು ಮತ್ತೆ ಮೇಲಿಡುತ್ತ, "ಇಲ್ಲಿ ಬಿದ್ರೆ ಏನೀಗ? ಮತ್ತೆ ಕಟ್ಟಿದ್ರಾಯ್ತು," ಎಂದರು.

ನನ್ನದೂ ಒಂದಿದೆ, ಮೂಲೆಯಲ್ಲಿ. ಒಂದೇ ರೂಮು, ಗ್ಯಾರೇಜಿಲ್ಲ.